ಇಬ್ಬರೇ ಇರುವಾಗ

ಮುಂಬಯಿಯ ನಮ್ಮ ಕನ್ನಡ ಸಭೆಯಲ್ಲಿ, ಆರಾಧನೆ ಮುಗಿದ ಮೇಲೆ ನಡೆದ ಕುಟುಂಬ ಕೂಟದಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಮೈಕ್ ಕೈಕೊಟ್ಟಾಗ ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಒಂದೇ ಸಲ ಹೇಳಿದ್ದೇನೆ.

ಎಲ್ಲರಿಗೂ ವಂದನೆ. ಚಹಾ ಬರೋದು ಇನ್ನೂ ಮುಕ್ಕಾಲು ಗಂಟೆ ಇದೆ, ಆದ್ದರಿಂದ ಯಾರೂ ಬಾಗಿಲ ಕಡೆ ನೋಡಬೇಡಿ.

ಕುಟುಂಬದೊಳಗಿನ ಭಿನ್ನಾಭಿಪ್ರಾಯದ ಬಗ್ಗೆ ಮಾತಾಡಬೇಕು ಅಂತ ಸಭಾಪಾಲಕರು ಫೋನ್ ಮಾಡಿದಾಗ ನಾನು ಕೇಳಿದೆ, "ಅಯ್ಯನವರೇ, ನನ್ನನ್ನೇ ಯಾಕೆ ಕರೀತೀರಿ? ನಮ್ಮ ಮನೆಯ ಜಗಳ ಇಡೀ ಸಭೆಗೇ ಗೊತ್ತಲ್ಲ?" ಅವರು "ಅದಕ್ಕೇ ಕರೀತಿರೋದು" ಅಂದರು. ಹೀಗಾಗಿ ನಾನು ಇಲ್ಲಿ ನಿಂತಿದ್ದೇನೆ. ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ದೇವರ ಶಾಸ್ತ್ರ ಓದಿದವಳಲ್ಲ. ಮೂವತ್ತೆಂಟು ವರ್ಷದ ಸಂಸಾರ ಇದೆ, ಅಷ್ಟೇ.

ನಿಮ್ಮಲ್ಲಿ ಎಷ್ಟು ಜನರ ಮನೆಯ ಗೋಡೆ ಮೇಲೆ "ನಾನೂ ನನ್ನ ಮನೆಯವರೂ ಯೆಹೋವನನ್ನೇ ಸೇವಿಸುವೆವು" ಅನ್ನೋ ಫಲಕ ಇದೆ? ಕೈ ಎತ್ತಿ. ನೋಡಿ, ಸುಮಾರು ಎಲ್ಲರೂ ಎತ್ತಿದ್ದೀರಿ. ನಮ್ಮ ಮನೆಯಲ್ಲೂ ಇದೆ, ಫ್ರಿಜ್ ಮೇಲ್ಗಡೆ. ನಮ್ಮ ಮನೆಯ ಅತಿ ದೊಡ್ಡ ಜಗಳಗಳೆಲ್ಲ ಆ ಫಲಕದ ಕೆಳಗೇ ಆಗಿವೆ. ಜಾಗವೇ ಅಷ್ಟಿರೋದು, ಬೇರೆ ಎಲ್ಲಿ ಜಗಳ ಮಾಡೋದು?

ನಾನು ಬೆಟಗೇರಿಯವಳು. ನಮ್ಮ ಯಜಮಾನರ ಮನೆಯವರು ಉಡುಪಿ ಕಡೆಯವರು. ಎರಡೂ ಬಾಸೆಲ್ ಮಿಷನ್ ಮನೆತನ, ಅಂದರೆ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನಿನ ಸಭೆಯವರು. 1834ರಲ್ಲಿ ಮಂಗಳೂರು ತಲುಪಿದ ಮಿಷನರಿಗಳು ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿವರೆಗೂ ಬಂದರು. ಹಾಗಾಗಿ ಮದುವೆ ಮಾತಾಡುವಾಗ ಹಿರಿಯರು "ಒಂದೇ ಸಭೆ, ಒಂದೇ ಸಂಗೀತ ಪುಸ್ತಕ, ಇನ್ನೇನು ತೊಂದರೆ" ಅಂದರು. ಆರಾಧನೆಯಲ್ಲಿ ಹಾಡುವ ಸಂಗೀತ ಪುಸ್ತಕ ಒಂದೇ ನಿಜ. ಅಡುಗೆಮನೆ ಒಂದಲ್ಲವಲ್ಲ. ನಮ್ಮಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಲ್ಲಿ ಕುಚ್ಚಲಕ್ಕಿ ಗಂಜಿ, ಬಂಗುಡೆ, ತೆಂಗಿನಕಾಯಿ. ನಾನು "ಅತ್ತಿ" ಅಂದರೆ ನಮ್ಮ ಅತ್ತೆ ತಿರುಗಿ ನೋಡುತ್ತಿರಲಿಲ್ಲ. ಅವರ ಕಡೆ "ಮಾಮಿ" ಅನ್ನಬೇಕು.

1987ರಲ್ಲಿ ಮದುವೆಯಾಗಿ, ಮೀರಜ್‌ನಲ್ಲಿ ಗಾಡಿ ಬದಲಿಸಿ, ಮುಂಬಯಿಯ ಪರೇಲಿನ ಒಂದು ಚಾಳಿಗೆ, ಅಂದರೆ ಒಂದೊಂದೇ ಕೋಣೆಯ ಸಾಲುಮನೆಗೆ, ಬಂದು ಇಳಿದೆ. ಹತ್ತು ಅಡಿ, ಹನ್ನೆರಡು ಅಡಿಯ ಖೋಲಿ. ಮೇಲೊಂದು ಪೋಟ್‌ಮಾಳಾ, ಅಂದರೆ ಅಟ್ಟ. ಅತ್ತೆ, ಮಾವ, ಭಾವ, ನಾದಿನಿ, ನಾವಿಬ್ಬರು. ಮಾವನವರು ಮಿಲ್ಲಿನ ನೇಯ್ಗೆ ಖಾತೆಯಲ್ಲಿ ಇದ್ದವರು. 1982ರ ಜನವರಿ 18ಕ್ಕೆ ಶುರುವಾದ ಗಿರಣಿ ಮುಷ್ಕರ ನೆನಪಿರುವವರು ಇಲ್ಲಿ ಇದ್ದೀರಿ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು, ತುಂಬಾ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ನಮ್ಮ ಮಾವನೂ ಹೋಗಲಿಲ್ಲ. ನಾನು ಆ ಮನೆಗೆ ಕಾಲಿಟ್ಟಾಗ ಅವರು ಐದು ವರ್ಷದಿಂದ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಸಂಬಳ ಆ ಮನೆಗೆ ಎಷ್ಟು ಬೇಕಾಗಿತ್ತು ಅನ್ನೋದು ನನಗೆ ಆಗ ಪೂರ್ತಿ ಅರ್ಥ ಆಗಿರಲಿಲ್ಲ. ಇಪ್ಪತ್ತಮೂರರ ಹುಡುಗಿ, ಏನು ಅರ್ಥ ಆಗುತ್ತೆ?

ಈಗ ಒಂದು ವಿಷಯ ಗಮನಿಸಿ. ಉಡುಪಿ, ಮುಲ್ಕಿ ಕಡೆಯ ನಮ್ಮವರು ಮನೆಯಲ್ಲಿ ಆಡೋದು ತುಳು, ಪ್ರಾರ್ಥನೆ ಹೆಚ್ಚಾಗಿ ಕನ್ನಡದಲ್ಲಿ. ತಲೆಮಾರುಗಳಿಂದ ಹಾಗೇ ಬಂದಿದೆ. ನಮ್ಮ ಅತ್ತೆಯೂ ಅಷ್ಟೇ, ಬಯ್ಯೋದು ತುಳುವಿನಲ್ಲಿ, ಪ್ರಾರ್ಥನೆ ಮಾಡೋದು ಕನ್ನಡದಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ ಅವರು ಏನು ಅಂದರೂ ನನಗೆ ತಿಳಿಯುತ್ತಿರಲಿಲ್ಲ, ಸುಮ್ನೆ ನಕ್ಕು ತಲೆ ಆಡಿಸುತ್ತಿದ್ದೆ. ರಾತ್ರಿ ಎಂಟೂವರೆಗೆ ಮನೆ ಪ್ರಾರ್ಥನೆ. ಆಗ ಮಾತ್ರ ಒಂದೊಂದು ಅಕ್ಷರವೂ ಅರ್ಥ ಆಗುತ್ತಿತ್ತು.

"ಕರ್ತನೇ, ಈ ಮನೆಗೆ ನೀನು ಕೊಟ್ಟ ಸೊಸೆಗಾಗಿ ಸ್ತೋತ್ರ. ಅವಳಿಗೆ ಬೆಳಿಗ್ಗೆ ನಾಲ್ಕಕ್ಕೆ ನೀರು ಬರುವ ಹೊತ್ತಿಗೆ ಏಳುವ ಒಳ್ಳೆಯ ಮನಸ್ಸು ಕೊಡು."

ನಾನು ಕಣ್ಣು ಮುಚ್ಚಿಕೊಂಡೇ ಕೆಂಪಾದೆ. ಮಾರನೇ ದಿನ ಪ್ರಾರ್ಥನೆ ಮಾಡುವ ಸರದಿ ನನ್ನದು. ನಾನೇನು ಕಡಿಮೆಯವಳೇ? "ಕರ್ತನೇ, ದಿನವಿಡೀ ಶಾಲೆಯಲ್ಲಿ ನಿಂತು ಬಂದವರ ಕಾಲಿಗೆ ಬಲ ಕೊಡು, ಅದನ್ನು ನೋಡುವ ಕಣ್ಣುಗಳನ್ನೂ ಈ ಮನೆಯವರಿಗೆ ಕೊಡು" ಅಂದೆ. ಮಾವ ಎರಡೂ ಪ್ರಾರ್ಥನೆಗೆ ಅಷ್ಟೇ ಗಟ್ಟಿಯಾಗಿ ಆಮೆನ್ ಅಂದರು.

ಹೀಗೆ ಏಳೆಂಟು ತಿಂಗಳು ನಡೆಯಿತು. ನಮ್ಮ ಮನೆ ಪ್ರಾರ್ಥನೆ ಅಂದರೆ ಪೋಸ್ಟಾಫೀಸು. ಅವರು ದೇವರ ವಿಳಾಸಕ್ಕೆ ಹಾಕಿದ ಕಾಗದ ನನಗೆ ಬರುತ್ತಿತ್ತು, ನಾನು ಹಾಕಿದ್ದು ಅವರಿಗೆ. ದೇವರು ಟಪಾಲಿನವ. ನಗಬೇಡಿ, ನಿಮ್ಮ ಮನೆಗಳಲ್ಲೂ ಇದು ನಡೆಯುತ್ತೆ. ಮಗನ ಮೊಬೈಲ್ ಬಗ್ಗೆ, ಗಂಡನ ಕುಡಿತದ ಬಗ್ಗೆ, ಮಗಳು ಒಬ್ಬ ಹುಡುಗನ ಜೊತೆ ಮಾತಾಡುವ ಬಗ್ಗೆ ಎಷ್ಟು ಸಲ ದೇವರಿಗೆ "ವರದಿ" ಕೊಟ್ಟಿದ್ದೇವೆ, ಅವರು ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತಿರುವಾಗ? ಕಣ್ಣು ಮುಚ್ಚಿದವನ ಕೆನ್ನೆಗೆ ಹೊಡೆದ ಹಾಗೆ ಅದು. ಅವನು ತಿರುಗಿ ಮಾತಾಡೋ ಹಾಗೂ ಇಲ್ಲ, ಪ್ರಾರ್ಥನೆ ನಡೀತಿದೆಯಲ್ಲ.

ನಾನು ಇವತ್ತು ಹೇಳೋಕೆ ಬಂದಿರೋದು ಇದೊಂದೇ. ಒಬ್ಬರ ಮೇಲಿನ ದೂರನ್ನು ಪ್ರಾರ್ಥನೆಯೊಳಗೆ ಸುತ್ತಿ ಕೊಡಬೇಡಿ. ಅವರಿಗೇ ಹೇಳಿ. ಯೇಸುಸ್ವಾಮಿ ಹೇಳಿದ್ದೂ ಅದೇ. ಮತ್ತಾಯ 18ನೇ ಅಧ್ಯಾಯ, 15ನೇ ವಚನ. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗಿ, ನೀನೂ ಅವನೂ ಇಬ್ಬರೇ ಇರುವಾಗ ಹೇಳು. ಸಾಕ್ಷಿಗಳು, ಸಭೆ ಎಲ್ಲ ಆಮೇಲಿನ ಮಾತು. ನಾವು ಮೊದಲು ಸಭೆಗೆ ಹೇಳುತ್ತೇವೆ, ಆಮೇಲೆ ಅಕ್ಕಪಕ್ಕದವರಿಗೆ, ಆಮೇಲೆ ಊರಿಗೆ ಫೋನ್ ಮಾಡಿ ಅಕ್ಕನಿಗೆ. ಕೊನೆಗೆ ಯಾರ ಮೇಲೆ ಸಿಟ್ಟೋ ಅವರಿಗೆ ಮಾತ್ರ ಹೇಳುವುದಿಲ್ಲ.

ಆದರೆ ಮುಂಬಯಿಯಲ್ಲಿ ಇನ್ನೊಂದು ತೊಂದರೆ ಇದೆ. "ಇಬ್ಬರೇ ಇರುವಾಗ" ಅಂದರೆ ಯಾವಾಗ? ಎಲ್ಲಿ? ಆರು ಜನರ ಒಂದು ಖೋಲಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಹೊತ್ತೇ ಇರಲಿಲ್ಲ. ಈಗ ಒನ್ ಬಿಎಚ್‌ಕೆ ಬಂದಿದೆ, ಗೋಡೆ ತೆಳ್ಳಗೆ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅಂತ ನಮಗೆ ಗೊತ್ತಾಗುತ್ತೆ, ನಮ್ಮ ಜಗಳ ಅವರಿಗೆ ಗೊತ್ತಾಗಲ್ವಾ?

ಹುಡುಕಿದರೆ ಜಾಗ ಸಿಗುತ್ತೆ. ನಾವಿಬ್ಬರೂ ಪರೇಲ್ ಸ್ಟೇಷನ್ನಿನ ಬೆಂಚಿನ ಮೇಲೆ ಎಷ್ಟೋ ವಿಷಯ ಇತ್ಯರ್ಥ ಮಾಡಿಕೊಂಡಿದ್ದೇವೆ. ಒಂದು ಸಲ ನಾಲ್ಕು ಲೋಕಲ್ ಬಿಟ್ಟೆವು. ಐದನೆಯದರಲ್ಲಿ ಇವರು ಹತ್ತಿದರು, ನಾನು ಹತ್ತಲಿಲ್ಲ, ಅದು ಬೇರೆ ಮಾತು. ಸ್ಟೇಷನ್ನಿನ ಒಂದು ಗುಣ ಏನು ಅಂದರೆ, ಗಾಡಿ ಬಂದಾಗ ಬಾಯಿ ಮುಚ್ಚಲೇಬೇಕು. ಆ ಅರ್ಧ ನಿಮಿಷದಲ್ಲಿ ಮುಂದೆ ಆಡಬೇಕೆಂದಿದ್ದ ಮಾತು ಸ್ವಲ್ಪ ಮೆತ್ತಗಾಗಿರುತ್ತೆ.

ಅತ್ತೆಗೂ ನನಗೂ ಜಾಗ ಸಿಕ್ಕಿದ್ದು ಚಾಳಿನ ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

1988ರ ಮೇ ತಿಂಗಳು. ಮಳೆಗೆ ಮುಂಚೆ ವರ್ಷದ ಮೆಣಸಿನಕಾಯಿ ಒಣಗಿಸಬೇಕು. ಎಲ್ಲ ವಿಷಯದಲ್ಲೂ ಬೇರೆ ಬೇರೆಯಾದ ನಮ್ಮ ಎರಡು ಅಡುಗೆಮನೆಗೆ ಸಮನಾದದ್ದು ಇದೊಂದೇ, ಬ್ಯಾಡಗಿ ಮೆಣಸಿನಕಾಯಿ. ನಮ್ಮ ಕೆಂಪು ಖಾರಕ್ಕೂ ಅದೇ, ಅವರ ಮೀನು ಸಾರಿಗೂ ಅದೇ. ನನ್ನ ಅಪ್ಪ ಊರಿಂದ ಐದು ಕಿಲೋ ಕಳಿಸಿದ್ದರು. ಹಳೇ ಸೀರೆ ಹಾಸಿ ಹರಡಿದ್ದೆವು. ಕಾಗೆ ಕಾಯೋಕೆ ಇಬ್ಬರೂ ನೀರಿನ ಟಾಕಿಯ ನೆರಳಿನಲ್ಲಿ ಕೂತಿದ್ದೆವು. ಅವರ ಕೈಯಲ್ಲಿ ಕೊಡೆಯ ಕಡ್ಡಿ. ಅರ್ಧ ಗಂಟೆ ಇಬ್ಬರೂ ಮಾತಿಲ್ಲ.

ಆಮೇಲೆ ಅವರು ಕಾಗೆ ಕಡೆ ನೋಡುತ್ತಲೇ ಅಂದರು, "ಎಂಕ್ ಬೇಜಾರ್ ಆಂಡ್." ಅಷ್ಟು ತುಳು ನನಗೆ ಆಗ ಬರುತ್ತಿತ್ತು. ನನಗೆ ಬೇಜಾರಾಯಿತು ಅಂದರು. ಆಮೇಲೆ ಕನ್ನಡಕ್ಕೆ ಬಂದರು.

"ನಿನ್ನ ಬೈಬಲ್ ಒಳಗೆ ಮನಿ ಆರ್ಡರಿನ ರಸೀದಿ ಉಂಟು. ಮೂರು. ನನ್ನ ಕನ್ನಡಕ ಸಿಗದೆ ನಿನ್ನ ದಪ್ಪ ಅಕ್ಷರದ್ದು ತೆಗೆದದ್ದು ನಾನು. ಬಿತ್ತು."

ತಿಂಗಳಿಗೆ ಮುನ್ನೂರು ರೂಪಾಯಿ ನಾನು ತವರಿಗೆ ಕಳಿಸುತ್ತಿದ್ದೆ. ತಮ್ಮನ ಡಿಪ್ಲೊಮಾ ಓದಿಗೆ. ಯಜಮಾನರಿಗೆ ಮಾತ್ರ ಗೊತ್ತಿತ್ತು. ಅವರು "ಅಮ್ಮನಿಗೆ ಆಮೇಲೆ ಹೇಳೋಣ" ಅಂದಿದ್ದರು. ಗಂಡಸರ "ಆಮೇಲೆ" ಯಾವತ್ತು ಬರುತ್ತೆ ಅಂತ ಇಲ್ಲಿರುವ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ.

ಅತ್ತೆ ಕೇಳಿದರು, "ನನ್ನ ಹತ್ತಿರ ಹೇಳ್ಬಹುದಿತ್ತಲ್ಲ? ಹೇಳಿದ್ರೆ ನಾನು ಬೇಡ ಹೇಳ್ತಿದ್ದೆನಾ?"

ನನಗೆ ಎಲ್ಲಿಂದ ಧೈರ್ಯ ಬಂತೋ, "ಹೌದ್ರಿ ಅತ್ತಿ, ಬ್ಯಾಡ ಅಂತಿದ್ರಿ" ಅಂದುಬಿಟ್ಟೆ.

ಅವರು ಒಂದು ಕಾಗೆ ಓಡಿಸಿ ಬಂದು ಕೂತರು. ಯೋಚನೆ ಮಾಡಿದರು. "ಹೌದು, ಬೇಡ ಅಂತಲೇ ಹೇಳ್ತಿದ್ದೆ" ಅಂದರು.

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಅಳುವೂ ಬಂತು, ಅದರಲ್ಲಿ ಮೆಣಸಿನಕಾಯಿ ಮುಟ್ಟಿದ ಕೈಯ ಪಾಲು ಎಷ್ಟು ಅಂತ ಗೊತ್ತಿಲ್ಲ. ಆಮೇಲೆ ಲೆಕ್ಕಕ್ಕೆ ಕೂತೆವು. ಮನೆಗೆ ತಿಂಗಳಿಗೆ ಎಷ್ಟು ಬೇಕು, ಮಾವನ ಔಷಧಿಗೆ ಎಷ್ಟು, ನಾದಿನಿಯ ಕಾಲೇಜಿಗೆ ಎಷ್ಟು. ತಮ್ಮನಿಗೆ ಇನ್ನೂರು ಕಳಿಸೋದು, ಉಳಿದ ನೂರು ಇಲ್ಲಿ, ಅವನ ಡಿಪ್ಲೊಮಾ ಮುಗಿಯುವವರೆಗೆ ಮಾತ್ರ. ನಾಲ್ಕು ಗಂಟೆಯ ನೀರನ್ನು ವಾರದಲ್ಲಿ ಮೂರು ದಿನ ಮಗ ಹಿಡಿಯಬೇಕು. ಅದನ್ನು ಹೇಳಿದ್ದು ಅತ್ತೆಯೇ, ನಾನಲ್ಲ. ಅವತ್ತು ರಾತ್ರಿಯ ಪ್ರಾರ್ಥನೆಯಲ್ಲಿ ಅವರು ನನ್ನ ತಮ್ಮನ ಪರೀಕ್ಷೆಗಾಗಿ ಬೇಡಿಕೊಂಡರು, ಹೆಸರು ಹಿಡಿದು. ಅಷ್ಟು ದಿನ ಅವನಿಗೆ ಆ ಮನೆಯಲ್ಲಿ ಹೆಸರೇ ಇರಲಿಲ್ಲ.

ಆಮೇಲೆ ನಾನು ತುಳು ಚೆನ್ನಾಗಿ ಕಲಿತೆ. ಕಲಿತ ಮೇಲೆ ಗೊತ್ತಾಯಿತು, ಅವರು ದಿನವಿಡೀ ಬಯ್ಯುತ್ತಿದ್ದದ್ದು ನನ್ನನ್ನಲ್ಲ. ಮುಕ್ಕಾಲು ಪಾಲು ರೇಷನ್ ಅಂಗಡಿಯವನನ್ನು.

ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುತ್ತಾನಲ್ಲ, ಸೂರ್ಯ ಮುಳುಗುವುದರೊಳಗೆ ನಿಮ್ಮ ಸಿಟ್ಟು ತೀರಲಿ ಅಂತ. ಒಳ್ಳೆಯ ಮಾತು. ಆದರೆ ನನ್ನ ಅನುಭವದಲ್ಲಿ ಕೆಲವು ಸಿಟ್ಟು ರಾತ್ರಿ ಹತ್ತು ಗಂಟೆಗೆ ತೀರಿಸೋಕೆ ಹೋದರೆ ಬೆಳಗಿನ ಜಾವಕ್ಕೆ ಎರಡಾಗಿರುತ್ತೆ. ವಿರಾರ್ ಗಾಡಿಯಲ್ಲಿ ಒಂದೂವರೆ ಗಂಟೆ ನಿಂತು ಬಂದವರ ಹತ್ತಿರ ಬಾಗಿಲಲ್ಲೇ ಲೆಕ್ಕ ಕೇಳಬೇಡಿ. ಊಟ ಆಗಲಿ. "ಇದರ ಬಗ್ಗೆ ನಾಳೆ ಮಾತಾಡೋಣ" ಅಂತ ಇಬ್ಬರೂ ಒಪ್ಪಿ ಮಲಗಿದರೆ, ಸಿಟ್ಟಿನ ಮೇಲೆ ಸೂರ್ಯ ಮುಳುಗಿತು ಅಂತ ನಾನು ಅಂದುಕೊಳ್ಳೋದಿಲ್ಲ. ಅಯ್ಯನವರು ಒಪ್ಪದಿದ್ದರೆ ಆಮೇಲೆ ತಿದ್ದಲಿ. ಇಬ್ಬರೇ ಇರುವಾಗ.

ಈಗ ನಗುವ ಮಾತಲ್ಲದ ಒಂದು ವಿಷಯ.

"ಇಬ್ಬರೇ ಇರುವಾಗ ಹೇಳು" ಅನ್ನೋದು ಹೊಡೆಯುವ ಗಂಡನಿಗೆ ಅನ್ವಯಿಸೋದಿಲ್ಲ. ಹೊಡೆಯುವವನ ಜೊತೆ ಒಬ್ಬಳೇ ಇರೋದೇ ಅಪಾಯ. ಇದನ್ನು ನಾನು ತಡವಾಗಿ ಕಲಿತೆ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಗಂಡನ ಸ್ವಭಾವ ಸರಿ ಇಲ್ಲ ಅಂದಳು, ಇನ್ನೂ ಏನೋ ಹೇಳೋಕೆ ಹೊರಟಿದ್ದಳು. ನಾನು ಪೂರ್ತಿ ಕೇಳಲೇ ಇಲ್ಲ. "ಪ್ರಾರ್ಥನೆ ಮಾಡು ಮಗಳೇ, ಸಹಿಸಿಕೋ, ಅವನು ಬದಲಾಗ್ತಾನೆ" ಅಂದೆ. ಎರಡು ತಿಂಗಳಾದ ಮೇಲೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ನನ್ನ ಮೇಲೆ ಅವಳಿಗೆ ಸಿಟ್ಟೇ ಇರಲಿಲ್ಲ, ಅದು ಇನ್ನೂ ಕಷ್ಟ. "ನೀವು ಹೇಳಿದ ಹಾಗೇ ಮಾಡಿದೆ ಆಂಟಿ" ಅಂದಳು.

ಆದ್ದರಿಂದ ಗಂಡಸರು ಹೆಂಗಸರು ಇಬ್ಬರೂ ಕೇಳಿ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅನ್ನೋ ಎಫೆಸದ 5ನೇ ಅಧ್ಯಾಯದ 22ನೇ ವಚನ ಎಲ್ಲರಿಗೂ ಬಾಯಿಪಾಠ. ಅದರ ಮೇಲಿನ 21ನೇ ವಚನ, ಒಬ್ಬರಿಗೊಬ್ಬರು ಅಧೀನರಾಗಿರಿ ಅನ್ನೋದು, ಎಷ್ಟು ಜನರಿಗೆ ನೆನಪಿದೆ? 2005ರಲ್ಲಿ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾನೂನು ಕ್ರೈಸ್ತ ಹೆಂಗಸರಿಗೂ ಇದೆ. ಮನೆ ಗಂಡನ ಹೆಸರಿನಲ್ಲಿ ಇರಲಿ, ಅತ್ತೆಯ ಹೆಸರಿನಲ್ಲಿ ಇರಲಿ, ಅವಳು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಅವಳಿಗೆ ಇದೆ. ಮಹಿಳಾ ಸಹಾಯವಾಣಿ 181. ಬರೆದುಕೊಳ್ಳಿ. ಆ ನಂಬರಿಗೆ ಫೋನ್ ಮಾಡಿದರೆ ವಿಶ್ವಾಸ ಕಡಿಮೆ ಅಂತ ಯಾರೂ ಹೇಳಬೇಡಿ, ಹೇಳಿದವರನ್ನು ನನ್ನ ಹತ್ತಿರ ಕಳಿಸಿ.

ಆಸ್ತಿ ಜಗಳಕ್ಕೆ ಬರೋಣ. ಇದು ಬಂದ ತಕ್ಷಣ ಹಿಂದಿನ ಸಾಲು ಎದ್ದು ಕೂತಿತು, ನೋಡಿ.

ನಮ್ಮ ಮಾವ 2004ರಲ್ಲಿ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಊರಿನಲ್ಲಿ ಹಂಚಿನ ಮನೆ, ಸ್ವಲ್ಪ ತೆಂಗಿನ ತೋಟ. ನಮ್ಮಂಥ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತೆ. ಅದರ ಪ್ರಕಾರ ಉಯಿಲಿಲ್ಲದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಅಂತ ಭೇದವಿಲ್ಲದೆ ಸಮನಾಗಿ. ಮೂವರು ಮಕ್ಕಳು. ಲೆಕ್ಕ ಮಾಡಿ. ಒಂಬತ್ತು ಭಾಗ ಮಾಡಿದರೆ ಅತ್ತೆಗೆ ಮೂರು, ಮಕ್ಕಳಿಗೆ ತಲಾ ಎರಡು. ಏಳನೇ ಕ್ಲಾಸಿನ ಭಿನ್ನರಾಶಿ.

ಭಾವನವರು ಒಪ್ಪಲಿಲ್ಲ. "ತಂಗಿಗೆ ಮದುವೆಯಲ್ಲೇ ಚಿನ್ನ ಕೊಟ್ಟಾಗಿದೆ" ಅಂದರು. ವಕೀಲರನ್ನು ಕೇಳಿದೆವು. ತಂದೆ ಬದುಕಿದ್ದಾಗ ಮಗಳಿಗೆ ಏನು ಕೊಟ್ಟಿದ್ದರೂ ಅದನ್ನು ಈ ಪಾಲಿನಲ್ಲಿ ಕಳೆಯುವ ಹಾಗಿಲ್ಲ, ಕಾಯ್ದೆಯಲ್ಲೇ ಹಾಗಿದೆ ಅಂದರು. (ಗೋವಾದಲ್ಲಿ ನೆಂಟರಿರುವವರಿಗೆ ಒಂದು ಮಾತು. ಅಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯ ಬೇರು ಇನ್ನೂ ಇದೆ. ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿ ಆಸ್ತಿಗೆ ಅರ್ಧರ್ಧ ಒಡೆಯರು. ಇಲ್ಲಿಯ ಲೆಕ್ಕ ಅಲ್ಲಿ ಹಾಕಬೇಡಿ.)

ಆಗ ಭಾವ ಬೈಬಲ್ ತೆಗೆದರು. ಕೊರಿಂಥದವರಿಗೆ ಬರೆದ ಮೊದಲನೇ ಪತ್ರ, 6ನೇ ಅಧ್ಯಾಯ. ವಿಶ್ವಾಸಿಗಳು ವಿಶ್ವಾಸಿಗಳ ಮೇಲೆ ವ್ಯಾಜ್ಯ ಹೂಡೋದಾ? ಅನ್ಯಾಯವನ್ನು ಯಾಕೆ ಸಹಿಸಿಕೊಳ್ಳಬಾರದು? ನಾದಿನಿ ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ಆ ವಚನವನ್ನು ಯಾವಾಗಲೂ ಕಡಿಮೆ ಪಾಲಿನವರಿಗೇ ಯಾಕೆ ಓದಿ ಹೇಳ್ತೀರಿ ಭಾವ, ಜಾಸ್ತಿ ಇಟ್ಟುಕೊಂಡವರೂ ಒಂದು ಸಲ ಸಹಿಸಿಕೊಳ್ಳಬಹುದಲ್ಲ ಅಂದೆ. ಎಲ್ಲರೂ ಇರುವಾಗ ಅಂದೆ. ಇಬ್ಬರೇ ಇರುವಾಗ ಅಲ್ಲ. ನೋಡಿ, ಇಷ್ಟೆಲ್ಲ ಉಪದೇಶ ಮಾಡುವ ನಾನೇ ಅದನ್ನು ಮರೆತೆ. ಮಾತಿನಲ್ಲಿ ತಪ್ಪಿರಲಿಲ್ಲ ಅಂತ ಈಗಲೂ ಅನ್ನಿಸುತ್ತೆ. ಹೆಂಡತಿ ಮಕ್ಕಳ ಮುಂದೆ ಅವರ ಮುಖ ಸಣ್ಣದಾಯಿತು. ಅವತ್ತಿನಿಂದ ಮಾತು ನಿಂತಿತು.

ಲೂಕ 12ರಲ್ಲಿ ಒಬ್ಬ ಮನುಷ್ಯ ಗುಂಪಿನಿಂದ ಯೇಸುವನ್ನು ಕೇಳುತ್ತಾನೆ, ಬೋಧಕನೇ, ನನ್ನ ಅಣ್ಣನಿಗೆ ಹೇಳಿ ನನ್ನ ಪಾಲು ಕೊಡಿಸು ಅಂತ. ಯೇಸು ಒಪ್ಪಲಿಲ್ಲ. ನನ್ನನ್ನು ನಿಮ್ಮ ಪಾಲು ಹಂಚುವವನನ್ನಾಗಿ ಯಾರು ಇಟ್ಟರು ಅಂದ. ನನಗೆ ಆ ಉತ್ತರ ಬಹಳ ಇಷ್ಟ. ಪಾಲಿನ ಲೆಕ್ಕ ವಕೀಲರ ಹತ್ತಿರ ಮಾಡಿಸಿ, ಕಾಗದದ ಮೇಲೆ, ಸಹಿ ಸಮೇತ. ಸಾಧ್ಯವಾದರೆ ಬದುಕಿರುವಾಗಲೇ ಉಯಿಲು ಬರೆದಿಡಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ದುರಾಸೆಯ ಬಗ್ಗೆ ಎಚ್ಚರ ಅಂತ ಅವನು ಅಲ್ಲಿ ಹೇಳಿದ್ದು ಇಬ್ಬರಿಗೂ, ಕೇಳಿದವನಿಗೂ ಕೊಡದವನಿಗೂ.

ನಾದಿನಿಯ ಪಾಲು ಅವಳ ಹೆಸರಿಗೆ ಆಯಿತು. ಭಾವ ಇದೇ ಸಭೆಗೆ ಬರುತ್ತಾರೆ, ಡೊಂಬಿವಲಿಯಿಂದ. ಇವತ್ತು ಬಂದಿಲ್ಲ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಇಲ್ಲ, ಅವರಿಗೆ ಹೇಳಿಯೇ ಬಂದಿದ್ದೇನೆ, ನೆಗೆಣ್ಣಿಯ ಮೂಲಕ. ಎಷ್ಟೋ ವರ್ಷ ಅವರು ಎಡಗಡೆಯ ಸಾಲು, ನಾವು ಬಲಗಡೆ. ಪವಿತ್ರ ಭೋಜನಕ್ಕೆ ಮುಂದೆ ಬರುವಾಗ ಅಣ್ಣ ತಮ್ಮ ಇಬ್ಬರೂ ಅಕ್ಕಪಕ್ಕ ಮೊಣಕಾಲೂರುವ ಹಾಗೆ ಆಗಬಾರದು ಅಂತ ನಾನು ಸಾಲು ಲೆಕ್ಕ ಹಾಕಿ ಎಬ್ಬಿಸುತ್ತಿದ್ದೆ. ಕಾಣಿಕೆಯನ್ನು ವೇದಿಯ ಹತ್ತಿರ ಬಿಟ್ಟು ಮೊದಲು ಹೋಗಿ ನಿನ್ನ ಸಹೋದರನ ಜೊತೆ ಸಮಾಧಾನ ಮಾಡಿಕೋ ಅನ್ನೋ ವಚನ ಓದುವ ಭಾನುವಾರಗಳಲ್ಲಿ ಇವರು ಮನೆಯಲ್ಲೇ ಇರುತ್ತಿದ್ದರು. ನೆಗಡಿ ಅನ್ನುತ್ತಿದ್ದರು.

ಬೈಬಲಿನವರೂ ಜಗಳ ಆಡಿದ್ದಾರೆ, ಅದನ್ನು ಮುಚ್ಚಿಟ್ಟಿಲ್ಲ. ಪೌಲನೂ ಬಾರ್ನಬನೂ ಮಾರ್ಕನನ್ನು ಕರೆದುಕೊಂಡು ಹೋಗುವ ವಿಷಯಕ್ಕೆ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಅವರಿಬ್ಬರೂ ಮತ್ತೆ ಕೂಡಿ ಪ್ರಯಾಣ ಮಾಡಿದ ಕಥೆ ಬರೆದಿಲ್ಲ. ಆದರೆ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ. ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗವಾಗುತ್ತಾನೆ. ಯಾವ ಹುಡುಗ ಬೇಡ ಅಂತ ಗೆಳೆಯನನ್ನೇ ಬಿಟ್ಟನೋ ಅದೇ ಹುಡುಗ. ನಡುವೆ ಎಷ್ಟೋ ವರ್ಷ ಹೋಗಿವೆ. ಏನು ಮಾತಾಡಿದರು, ಯಾರು ಮೊದಲು ಮಾತಾಡಿದರು, ಒಂದೂ ಇಲ್ಲ. ಬಹುಶಃ ಹೇಳುವಂಥದ್ದು ಏನೂ ಆಗಿರಲಿಕ್ಕಿಲ್ಲ. ಯಾರೋ ಒಬ್ಬರ ಕೈಯಲ್ಲಿ ಒಂದು ವಸ್ತು ಕಳಿಸಿರಬಹುದು.

ಇನ್ನು ಬೇರೆ ಧರ್ಮದವರನ್ನು ಮದುವೆಯಾಗುವ ಮಕ್ಕಳು. ಇದರ ಬಗ್ಗೆ ಹೇಳಲೇಬೇಕು ಅಂತ ಮೂವರು ತಾಯಂದಿರು ಮೊದಲೇ ಚೀಟಿ ಕೊಟ್ಟಿದ್ದಾರೆ.

ನನ್ನ ಮಗ ಸಾತಾರಾ ಕಡೆಯ ಮರಾಠಿ ಹುಡುಗಿಯನ್ನು ಮದುವೆಯಾದ. ವಿಶೇಷ ವಿವಾಹ ಕಾಯ್ದೆಯ ಪ್ರಕಾರ, ಮೂವತ್ತು ದಿನದ ನೋಟಿಸ್ ಹಾಕಿ. ಆ ಮೂವತ್ತು ದಿನ ನಾನು ಅವನ ಜೊತೆ ಮಾತಾಡಲಿಲ್ಲ. ಮತ್ತೆ ಹಳೇ ಚಾಳಿ ಹಿಡಿದೆ. ರಾತ್ರಿ ಪ್ರಾರ್ಥನೆಯಲ್ಲಿ ಅವನ ಮುಂದೆಯೇ ದೇವರಿಗೆ ವರದಿ. ನಾಲ್ಕನೇ ದಿನ ಅವನು ಕಣ್ಣು ತೆರೆದು, ಫಲಕದ ಕಡೆ ಕೈ ತೋರಿಸಿ, "ಅಮ್ಮಾ, ಆ ವಚನದ ಮೊದಲನೇ ಅರ್ಧ ಯಾಕೆ ಬರೆಸಿಲ್ಲ?" ಅಂದ.

ತೆಗೆದು ನೋಡಿ. ಯೆಹೋಶುವ 24:15. "ನಾನೂ ನನ್ನ ಮನೆಯವರೂ" ಅನ್ನೋದಕ್ಕೆ ಮೊದಲು, ಯಾರನ್ನು ಸೇವಿಸಬೇಕೆಂದು ಈ ಹೊತ್ತು ಆರಿಸಿಕೊಳ್ಳಿ ಅಂತ ಜನರಿಗೆ ಬಿಟ್ಟುಕೊಡುತ್ತಾನೆ ಆ ಮುದುಕ. ಫಲಕ ಮಾಡುವವರು ಅದನ್ನು ಬಿಟ್ಟಿದ್ದಾರೆ. ಜಾಗ ಸಾಲಲಿಲ್ಲ ಅಂತ ಕಾಣುತ್ತೆ.

ಆಗ ನನಗೆ ಆಸರೆಯಾಗಿದ್ದು ಮಹಾರಾಷ್ಟ್ರದ ಒಬ್ಬ ತಾಯಿ. ಮರಾಠಿ ಕವಿ ನಾರಾಯಣ ವಾಮನ ಟಿಳಕರ ಹೆಂಡತಿ ಲಕ್ಷ್ಮೀಬಾಯಿ ಟಿಳಕ್. ಬ್ರಾಹ್ಮಣ ಮನೆ. ಟಿಳಕರು 1895ರಲ್ಲಿ ಇದೇ ಮುಂಬಯಿಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರು. ಹೆಂಡತಿ ಕುಸಿದುಹೋದರು. ವರ್ಷಗಟ್ಟಲೆ ದೂರ ಇದ್ದರು. ಆಮೇಲೆ ಗಂಡನ ಹತ್ತಿರ ಬಂದರು, ಮಡಿ ಮಾತ್ರ ಬಿಡಲಿಲ್ಲ. ಆ ಮನೆಯಲ್ಲಿ ಗಂಡ ಒಂದು ನಂಬಿಕೆ, ಹೆಂಡತಿ ಇನ್ನೊಂದು. ಜಾತಿ ಅನ್ನೋದು ದೇವರು ಮಾಡಿದ್ದಾ ಮನುಷ್ಯ ಮಾಡಿದ್ದಾ ಅಂತ ಆಕೆ ತಾನೇ ಯೋಚಿಸಿ, ತಾನೇ ಉತ್ತರ ಕಂಡುಕೊಂಡು, 1900ರಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರು. ಗಂಡನ ಮುಂಗೋಪ, ಕೈಯಲ್ಲಿ ದುಡ್ಡು ನಿಲ್ಲದ ಗುಣ ಎಲ್ಲವನ್ನೂ ಆಕೆ ತಮ್ಮ ಆತ್ಮಕಥೆಯಲ್ಲಿ ನಗಿಸುತ್ತಾ ಬರೆದಿದ್ದಾರೆ. 1919ರಲ್ಲಿ ಟಿಳಕರು ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ ಕ್ರಿಸ್ತನ ಚರಿತ್ರೆಯ ಕಾವ್ಯವನ್ನು ಮುಂದುವರಿಸಿದ್ದೂ ಆಕೆಯೇ, ಚೆನ್ನಾಗಿ ಶಾಲೆ ಕಂಡವರೂ ಅಲ್ಲ.

ನನ್ನ ಸೊಸೆಯೂ ಹಾಗೇ ಮುಂದೆ ಒಂದು ದಿನ ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತಾಳೆ ಅಂತ ಆಸೆ ತೋರಿಸೋಕೆ ಇದನ್ನು ಹೇಳುತ್ತಿಲ್ಲ. ಹಾಗೆ ಕಾಯುತ್ತಾ ಕೂತರೆ ಅವಳನ್ನು ಸೊಸೆಯಾಗಿ ನೋಡುವುದೇ ಇಲ್ಲ, ಬರೀ ಬಾಕಿ ಕೆಲಸವಾಗಿ ನೋಡುತ್ತೇವೆ. ತಿಮೊಥೆಯನ ಮನೆಯನ್ನು ನೆನೆಸಿಕೊಳ್ಳಿ. ಅಜ್ಜಿ ಲೋವಿ, ತಾಯಿ ಯೂನಿಕೆ ವಿಶ್ವಾಸಿಗಳು, ಅಪ್ಪ ಗ್ರೀಕನು. ಆ ಅಪ್ಪ ಏನು ನಂಬಿದ, ಬದಲಾದನೋ ಇಲ್ಲವೋ, ಒಂದಕ್ಷರ ಬರೆದಿಲ್ಲ. ಮಗ ಮಾತ್ರ ಆ ಮನೆಯಲ್ಲೇ ಬೆಳೆದ. ಸ್ವತಃ ಯೇಸುವಿನ ತಮ್ಮಂದಿರೇ ಅವನನ್ನು ಮೊದಲು ನಂಬಿರಲಿಲ್ಲ, ಮನೆಯವರು ಇವನಿಗೆ ತಲೆ ಕೆಟ್ಟಿದೆ ಅಂತ ಹಿಡಿದುಕೊಂಡು ಹೋಗೋಕೆ ಬಂದಿದ್ದರು. ನಮ್ಮ ಮನೆಗಳಿಗೆ ಅದಕ್ಕಿಂತ ಜಾಸ್ತಿ ಒಗ್ಗಟ್ಟು ಬೇಕು ಅಂತ ಕೇಳೋದು ಸ್ವಲ್ಪ ಅತಿಯಾಯಿತೇನೋ.

ಈಗ ಸೊಸೆ ರಾತ್ರಿ ಪ್ರಾರ್ಥನೆಗೆ ಬಂದು ಕೂರುತ್ತಾಳೆ, ಕೂರದೇ ಇರುವ ದಿನವೂ ಉಂಟು. ಅವಳಿಗೆ ಅರ್ಥ ಆಗಲಿ ಅಂತ ಯಜಮಾನರು ಮರಾಠಿಯಲ್ಲಿ ಪ್ರಾರ್ಥನೆ ಮಾಡಲು ಹೋಗಿ, ವ್ಯಾಕರಣ ತಪ್ಪಿ, ಅವಳು ಕಣ್ಣು ಮುಚ್ಚಿಕೊಂಡೇ ತಿದ್ದುತ್ತಾಳೆ. ಗಣಪತಿ ಹಬ್ಬಕ್ಕೆ ತವರಿಗೆ ಹೋಗುತ್ತಾಳೆ, ಬರುವಾಗ ಮೋದಕ ತರುತ್ತಾಳೆ. ತಿನ್ನಬಹುದಾ ಅಂತ ಯಾರೋ ಕೇಳಿದರು. ಪೌಲ ಇದರ ಬಗ್ಗೆ ಉದ್ದಕ್ಕೆ ಬರೆದಿದ್ದಾನೆ, ಓದಿ, ನಿಮ್ಮ ಮನಸ್ಸಾಕ್ಷಿ ಕೇಳಿ. ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ ಅನ್ನೋದನ್ನು ಸೊಸೆ ಮತ್ತು ನಾನು ಕೂತು ಮಾತಾಡಿ ತೀರ್ಮಾನ ಮಾಡಿದ್ದೇವೆ. ಅದು ನಮ್ಮಿಬ್ಬರ ಮಾತು, ಇಲ್ಲಿ ಹೇಳೋದಿಲ್ಲ.

ಚಹಾದ ವಾಸನೆ ಬರುತ್ತಿದೆ. ಒಂದೇ ಪ್ರಶ್ನೆಗೆ ಸಮಯ ಇದೆ ಅಂದರು. ಭಾವನ ವಿಷಯ ಏನಾಯಿತು ಅಂತ ಹಿಂದಿನ ಸಾಲಿನಿಂದ ಕೇಳಿದ್ದೀರಿ.

ಹೇಳುತ್ತೇನೆ. ಅತ್ತೆ ಹೋದ ಮೇಲೂ ಪ್ರತಿ ಕ್ರಿಸ್‌ಮಸ್‌ಗೆ ನಾನು ಕರ್ಚಿಕಾಯಿ, ಚಕ್ಕುಲಿ ಮಾಡಿ ಭಾವನ ಮನೆಗೆ ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತೇನೆ, ನೆಗೆಣ್ಣಿ ಸಭೆಗೆ ಬಂದಾಗ ಕೈಯಲ್ಲಿ ಕೊಟ್ಟು. ಡಬ್ಬಿ ಮರುವಾರವೇ ವಾಪಸ್ ಬರುತ್ತಿತ್ತು, ತೊಳೆದು, ಒರೆಸಿ, ಖಾಲಿ. ಖಾಲಿ ಡಬ್ಬಿ ಕಳಿಸಬಾರದು ಅಂತ ಅವರಿಗೆ ಗೊತ್ತಿಲ್ಲದೆ ಇಲ್ಲ. ಅದು ಉತ್ತರ. ಈ ಸಲ ಕಳಿಸಿ ನಾಲ್ಕು ತಿಂಗಳಾಯಿತು, ಡಬ್ಬಿ ಬಂದಿಲ್ಲ. ಮರೆತರೋ, ಉಪಯೋಗಿಸುತ್ತಿದ್ದಾರೋ, ಏನು ಹಾಕಿ ಕಳಿಸೋದು ಅಂತ ಯೋಚಿಸುತ್ತಿದ್ದಾರೋ ಗೊತ್ತಿಲ್ಲ. ಮೊನ್ನೆ ಇವರು ಪೇಪರಿನಿಂದ ತಲೆ ಎತ್ತದೆ, "ಆ ಡಬ್ಬಿ ದೊಡ್ಡದು ಕಣೆ, ಹಾಗೇ ಬಿಡೋಕಾಗಲ್ಲ. ಶನಿವಾರ ಡೊಂಬಿವಲಿಗೆ ಹೋಗಿ ಕೇಳಿಕೊಂಡು ಬರ್ತೀನಿ" ಅಂದರು. ನಾನೂ ಬರಲಾ ಅಂದೆ. ಬೇಡ, ಒಬ್ಬನೇ ಹೋಗ್ತೀನಿ ಅಂದರು.